ಫಾರ್ಮ್ಯಾಟ್ ಹೊಡಿಯೂ ಮೊದಲ...

ಹಾಸ್ಟೆಲಿನಲ್ಲಿ ನಾಲ್ಕು ಮಂದಿಗೆ ಲಿನಕ್ಸ್ ಹಾಕಿಕೊಟ್ಟರೆ ಸಾಕು, ರಜೆಗೆ ಊರಿಗೆ ಹೋದರೂ ಯಾರದಾದರೂ ಕಂಪ್ಯೂಟರ್ ನಮ್ಮ ದಾರಿ ಕಾಯುತ್ತ ಕೂತಿರುತ್ತದೆ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಮಗೆ ಅಂಥವು ಎರಡು ಸಿಕ್ಕವು: ತಿಕೋಟಾದಲ್ಲೊಂದು, ಬಬಲೇಶ್ವರದಲ್ಲೊಂದು. ಎರಡನ್ನೂ ವಿಜಯಪುರಕ್ಕೆ ಒಯ್ದು ತೋರಿಸಿದ್ದರು. ಅಂಗಡಿ ಬೇರೆ ಬೇರೆ, ತೀರ್ಪು ಒಂದೇ: "ಫಾರ್ಮ್ಯಾಟ್ ಹೊಡಿಬೇಕಾಗ್ತೈತ್ರಿ."

ತಿಕೋಟಾದ್ದು ಗೆಳೆಯನ ಅಣ್ಣನ ಝೆರಾಕ್ಸ್ ಅಂಗಡಿಯ ಡೆಸ್ಕ್‌ಟಾಪ್. ರೈತರ ಅರ್ಜಿ, ದ್ರಾಕ್ಷಿ ತೋಟದ ಕರಾರು ಪತ್ರ, ಲಗ್ನಪತ್ರಿಕೆ, ಹೀಗೆ ಆರು ವರ್ಷದ ಕೆಲಸವೆಲ್ಲ ವಿಂಡೋಸ್ ಕಡೆ ಹಳೆಯ ನುಡಿಯಲ್ಲಿ ಟೈಪಾಗಿ ಕೂತಿತ್ತು. ದೊಡ್ಡ ಮಾನಿಟರ್ ಕೆಟ್ಟು ಸೆಕೆಂಡ್ ಹ್ಯಾಂಡ್ 17 ಇಂಚಿನದು ಬಂದ ದಿನದಿಂದ ಹೊಸ ತಂಟೆ ಶುರು. ಆನ್ ಮಾಡಿದರೆ 'ಔಟ್ ಆಫ್ ರೇಂಜ್' ಅಂತ ಬರೋದು, ಹತ್ತು ಸೆಕೆಂಡ್ ಬಿಟ್ಟು ನೇರವಾಗಿ ಲಿನಕ್ಸ್. ವಿಂಡೋಸ್ ಆರಿಸೋ ಮೆನುವೇ ಇಲ್ಲ! ಲಿನಕ್ಸಿನೊಳಗಿಂದ ಆ ಫೈಲು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಎಲ್ಲಾ ಹಾಳಾಗೇತಿ ತಮ್ಮಾ" ಅಂದರು ಅಣ್ಣ. ಹಾಳಾಗಿರಲಿಲ್ಲ. ಹಳೆಯ ನುಡಿ ಯೂನಿಕೋಡ್ ಬಳಸುತ್ತಿರಲಿಲ್ಲ, ಅದರ ಫಾಂಟ್ ಇಲ್ಲದ ಕಡೆ ಅದು ಹಾಗೆಯೇ ಕಾಣುತ್ತದೆ.

ಕಂಪ್ಯೂಟರ್ ಏಳುವಾಗ ಪರದೆ ಮೂರು ಕೈ ಬದಲಾಗುತ್ತದೆ. ಮೊದಲು ಬಯಾಸ್ ಅಥವಾ ಯುಇಎಫ್ಐ, ಆಮೇಲೆ ಗ್ರಬ್ ಅನ್ನೋ ಬೂಟ್‌ಲೋಡರ್, ಕೊನೆಗೆ ಕರ್ನಲ್. ಪರದೆ ಯಾವ ಅಳತೆಯಲ್ಲಿರಬೇಕು ಅನ್ನೋದನ್ನ ಮೂವರೂ ತಾವೇ ತೀರ್ಮಾನ ಮಾಡ್ತಾರೆ. ಇಲ್ಲಿ ಯಾರೋ ಹಿಂದೆ ಗ್ರಬ್‌ಗೆ 1920x1080 ಅಂತ ಬರೆದಿಟ್ಟಿದ್ದರು. ಹೊಸ ಮಾನಿಟರ್ ತಾಕತ್ತು 1280x1024. ಕರ್ನಲ್ ಮಾನಿಟರನ್ನೇ ಕೇಳಿ ಅಳತೆ ಗೊತ್ತುಮಾಡಿಕೊಂಡದ್ದರಿಂದ ಲಿನಕ್ಸ್ ಸರಿಯಾಗಿ ಕಾಣಿಸುತ್ತಿತ್ತು. ಅಂದರೆ ಮೆನು ಇತ್ತು, ಕಾಣುತ್ತಿರಲಿಲ್ಲ ಅಷ್ಟೇ.

ಕಾಣದ ಮೆನುವಿಗೂ ಕೀಬೋರ್ಡ್ ಕೇಳುತ್ತದೆ. ನಾವು ಲಿನಕ್ಸಿನೊಳಗೆ ಗ್ರಬ್‌ನ ಸಂರಚನಾ ಫೈಲು ತೆರೆದು ಎಣಿಸಿದೆವು, ವಿಂಡೋಸ್ ಐದನೆಯದು. ರೀಸ್ಟಾರ್ಟ್ ಮಾಡಿ 'ಔಟ್ ಆಫ್ ರೇಂಜ್' ಬಂದ ಕೂಡಲೇ ಕೆಳಗಿನ ಬಾಣದ ಕೀ ನಾಲ್ಕು ಸಲ, ಆಮೇಲೆ ಎಂಟರ್. ವಿಂಡೋಸ್ ಬಂತು. ಅಣ್ಣ ಮೊದಲು ಮಾಡಿದ ಕೆಲಸ ಫೈಲೆಲ್ಲ ಪೆನ್‌ಡ್ರೈವಿಗೆ ತುಂಬಿದ್ದು, ಎರಡನೆಯದು ನಮಗೆ ಚಹಾ ಹೇಳಿದ್ದು. ಮತ್ತೆ ಲಿನಕ್ಸಿಗೆ ಬಂದು ಇಟಿಸಿ ಫೋಲ್ಡರಿನ ಡಿಫಾಲ್ಟ್ ಒಳಗಿನ ಗ್ರಬ್ ಫೈಲಿನಲ್ಲಿ ಜಿಎಫ್ಎಕ್ಸ್ ಮೋಡನ್ನು 1024x768 ಮಾಡಿ, ಅಪ್‌ಡೇಟ್-ಗ್ರಬ್ ಓಡಿಸಿದೆವು. ಈ ಕೊನೆಯ ಹೆಜ್ಜೆ ಬಿಟ್ಟರೆ ಫೈಲು ತಿದ್ದಿಯೂ ತಿದ್ದದಂತೆಯೇ.

ಬಬಲೇಶ್ವರದ್ದು ಡಿಪ್ಲೊಮಾ ಓದುವ ಹುಡುಗಿಯ ಲ್ಯಾಪ್‌ಟಾಪ್, ಒಳಗೆ ಪ್ರಾಜೆಕ್ಟ್ ವರದಿ, ಒಪ್ಪಿಸಲು ನಾಲ್ಕೇ ದಿನ. ಅಲ್ಲಿ ಮೆನು ಚೆಂದಾಗಿ ಕಾಣುತ್ತಿತ್ತು, ಲಿನಕ್ಸ್ ಆರಿಸಿದ ಮೇಲೆ ಕತ್ತಲು. ಮೆನು ಕಂಡಿತು ಅಂದ್ರ ಮೊದಲ ಎರಡು ಕೈ ಪಾಸಾದಂತೆ, ತಪ್ಪು ಮೂರನೆಯದರಲ್ಲಿ. ಕ್ಯಾಪ್ಸ್ ಲಾಕ್ ಒತ್ತಿದರೆ ದೀಪ ಹತ್ತಿ ಆರುತ್ತಿತ್ತು. ಗೋಳಗುಮ್ಮಟದಾಗ ಕೂಗಿದರೆ ಏಳು ಸಲ ಉತ್ತರ ಬರ್ತೈತಿ ಅಂತಾರೆ, ನಮಗೆ ಆ ಒಂದು ದೀಪ ಸಾಕಾಯಿತು. ಯಂತ್ರ ಜೀವಂತ ಇತ್ತು.

ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗೋ ಸಾಲಿನ ಕೊನೆಗೆ ಹೋಗಿ 'ಕ್ವೈಟ್ ಸ್ಪ್ಲ್ಯಾಶ್' ತೆಗೆದು 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿದೆವು. ಸಾಲು ಸಾಲು ಅಕ್ಷರ ಓಡಿ ಡೆಸ್ಕ್‌ಟಾಪ್ ತೆರೆಯಿತು. ಹೀಗೆ ತಿದ್ದಿದ್ದು ಆ ಒಂದು ಸಲಕ್ಕೆ ಮಾತ್ರ, ಮತ್ತೆ ಆನ್ ಮಾಡಿದರೆ ಹಳೆಯದೇ ಇರುತ್ತದೆ. ಆದ್ದರಿಂದ ಹೆದರದೆ ಪ್ರಯತ್ನಿಸಬಹುದು.

ಆದರೆ ನೋಮೋಡ್‌ಸೆಟ್ಟನ್ನೇ ಔಷಧ ಅಂತ ಕಾಯಂ ಬರೆದಿಡೋದು ನಮಗೆ ಸರಿ ಕಾಣೋದಿಲ್ಲ. ಪರದೆಯ ಅಳತೆ ಬದಲಿಸಬೇಡ ಅಂತ ಅದು ಕರ್ನಲ್‌ಗೆ ಹೇಳುತ್ತದೆ, ಗ್ರಾಫಿಕ್ಸ್ ಡ್ರೈವರ್ ಸುಮ್ಮನೆ ಕೂರುತ್ತದೆ. ವಿಡಿಯೋ ತಡವರಿಸುತ್ತದೆ, ಎಷ್ಟೋ ಲ್ಯಾಪ್‌ಟಾಪಿನಲ್ಲಿ ಬ್ರೈಟ್‌ನೆಸ್ ಕೀ ಕೂಡ ನಡೆಯೋದಿಲ್ಲ. ಒಳಗೆ ಹೋದಮೇಲೆ ಸರಿಯಾದ ಡ್ರೈವರ್ ಹಾಕಿ ಅದನ್ನು ತೆಗೆಯಬೇಕು.

ವರದಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ಡ್ರೈವರ್ ಇಳಿಸುವಷ್ಟು ನೆಟ್‌ವರ್ಕ್ ಅವತ್ತು ಸಿಗಲಿಲ್ಲ. ಆಕೆ ಈಗಲೂ ಪ್ರತಿ ಸಲ 'ಇ' ಒತ್ತಿಯೇ ಲ್ಯಾಪ್‌ಟಾಪ್ ಎಬ್ಬಿಸುತ್ತಾಳಂತೆ. ದಸರಾ ರಜೆಗೆ ಪೆನ್‌ಡ್ರೈವಿನಲ್ಲಿ ಡ್ರೈವರ್ ಒಯ್ಯಬೇಕು.