ಭಾಗ 4: ಮಸುಕು ಗೆರೆ

ಕಳೆದ ಆಗಸ್ಟ್. ಅಮ್ಮಂಗೆ ಮೂರು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು. ನಮ್ಮೂರ ಕ್ಲಿನಿಕ್‌ನಲ್ಲಿ ಡೆಂಗಿ ಕಾರ್ಡ್ ಟೆಸ್ಟ್ ಮಾಡಿದ್ರು. ಮಳೆಗೆ ಕರೆಂಟ್ ಹೋಗಿತ್ತು. 20 ನಿಮಿಷ ಕಾದು ನೋಡಿದ್ರೆ 'ಸಿ' ಹತ್ರ ಒಂದೇ ಗೆರೆ.

"ಡೆಂಗಿ ಇಲ್ಲಮ್ಮ. ಮೈಕೈ ನೋವಿಗೆ ಇಂಜೆಕ್ಷನ್ ಹಾಕಿಸ್ಕೊಂಡು ಹೋಗಿ" ಅಂದ್ರು ಸಿಸ್ಟರ್.

ನಂಗೆ ಯಾಕೋ ಸಮಾಧಾನ ಆಗ್ಲಿಲ್ಲ. ಕಾರ್ಡನ್ನ ಕಿಟಕಿ ಹತ್ರ ಹಿಡಿದೆ. 'ಟಿ' ಜಾಗದಲ್ಲಿ, ಒಗೆದ ಬಟ್ಟೇಲಿ ಉಳಿದ ಕುಂಕುಮದ ಕಲೆಯಷ್ಟು ಮಸುಕಾಗಿ, ಏನೋ ಇತ್ತು. ಫೋಟೋ ತೆಗೆದು ಜೂಮ್ ಮಾಡಿ ತೋರಿಸ್ದೆ. ಸಿಸ್ಟರ್ ಒಂದು ಕ್ಷಣ ಸುಮ್ಮನಾದ್ರು, ಆಮೇಲೆ ಡಾಕ್ಟರನ್ನ ಕರೆದ್ರು. ಇಂಜೆಕ್ಷನ್ ನಿಂತಿತು. ಡೆಂಗಿಯಲ್ಲಿ ಕೆಲವು ನೋವಿನ ಔಷಧಿಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತೆ. ಮರುದಿನ ಲ್ಯಾಬ್ ರಿಪೋರ್ಟ್ ಬಂತು: ಡೆಂಗಿ. ಪ್ಲೇಟ್‌ಲೆಟ್ ಇಳೀತಾ ಇತ್ತು. ಐದು ದಿನ ಅಡ್ಮಿಟ್.

ಆ ಗೆರೆ ಏನು ಅಂತ ಆಮೇಲೆ ಓದಿದೆ. ಇಂಥ ಹೆಚ್ಚಿನ ಕಾರ್ಡ್‌ಗಳಲ್ಲಿ ಅದು ಚಿನ್ನ! ಸುಮಾರು 40 ನ್ಯಾನೋಮೀಟರ್‌ನಷ್ಟು ಪುಟ್ಟ ಕಣವಾದಾಗ ಚಿನ್ನ ಹಳದಿಯಾಗಿರಲ್ಲ, ಕೆಂಪು. ಯಾಕಂದ್ರೆ ಅದು ಹಸಿರು ಬೆಳಕನ್ನ ಹೀರಿಕೊಳ್ಳುತ್ತೆ. ರಕ್ತದಲ್ಲಿ ವೈರಸ್‌ನ ಎನ್‌ಎಸ್1 ಪ್ರೋಟೀನ್ ಇದ್ರೆ ಕಣಗಳು 'ಟಿ' ಹತ್ರ ಸಿಕ್ಕಿಹಾಕಿಕೊಳ್ತವೆ. ಪ್ರೋಟೀನ್ ಕಮ್ಮಿ ಇದ್ರೆ ಗೆರೆಯೂ ಮಸುಕು.

ಅವತ್ತಿನ ಫೋಟೋದಲ್ಲಿ ಹಸಿರು ಚಾನೆಲ್ ಮಾತ್ರ ಬೇರೆ ಮಾಡಿ ನೋಡಿದೆ. ಗೆರೆ ಕಪ್ಪಾಗಿ ಎದ್ದು ಕಾಣ್ತು!

ಕೈಯಲ್ಲಿ ಹಿಡಿಯೋ ರೀಡರ್‌ಗಳ ಗುಟ್ಟೂ ಇಷ್ಟೇ. ಕತ್ತಲೆ ಡಬ್ಬಿ, ಒಳಗೆ ಒಂದು ಎಲ್‌ಇಡಿ, ಒಂದು ಸೆನ್ಸರ್. ಗೆರೆಯಿಂದ ಎಷ್ಟು ಬೆಳಕು ವಾಪಸ್ ಬಂತು, ಪಕ್ಕದ ಬಿಳಿ ಜಾಗದಿಂದ ಎಷ್ಟು ಬಂತು ಅಂತ ಅಳೆದು ಲೆಕ್ಕ ಹಾಕುತ್ತೆ. ಕರೆಂಟ್ ಹೋದ್ರೂ ಬ್ಯಾಟರಿ ಇದೆ, ಹೊರಗೆ ಮೋಡ ಕವಿದ್ರೂ ಡಬ್ಬಿಯೊಳಗಿನ ಬೆಳಕು ಅದೇ. ಫೋನ್ ಕ್ಯಾಮೆರಾ ಹಾಗಲ್ಲ; ರೂಮಿನ ಬೆಳಕು ಬದಲಾದ್ರೆ ಅದು ಬಣ್ಣಾನೂ ಬದಲಾಯಿಸಿಬಿಡುತ್ತೆ. ಅದಕ್ಕೇ ಮನೇಲಿ ಫೋಟೋ ನೋಡಿ ಡಾಕ್ಟರ್ ಆಗ್ಬೇಡಿ. ಗೆರೆ ಬರದಿದ್ರೂ ಡೆಂಗಿ ಇರಬಹುದು, ದಿನ ಕಳೆದಷ್ಟೂ ಎನ್‌ಎಸ್1 ಕಮ್ಮಿಯಾಗುತ್ತೆ.

ಸಿಸ್ಟರ್ ಮೇಲೆ ನಂಗೆ ಸಿಟ್ಟಿಲ್ಲ. ಬೆಳಗ್ಗಿಂದ ಎಷ್ಟು ಕಾರ್ಡ್ ನೋಡಿದ್ರೋ ಏನೋ, ಅದೂ ಆ ಕತ್ತಲಲ್ಲಿ. ಆದ್ರೆ ಒಬ್ಬರ ಜೀವ ಇನ್ನೊಬ್ಬರ ದಣಿದ ಕಣ್ಣಿನ ಮೇಲೆ ನಿಲ್ಲಬಾರದು ಅಲ್ವಾ? ದೊಡ್ಡ ಲ್ಯಾಬ್‌ಗಿಂತ ಮೊದಲು ಆ ಪುಟ್ಟ ಡಬ್ಬಿ ಬೇಕಿರೋದು ಇಂಥ ಕ್ಲಿನಿಕ್ ಟೇಬಲ್ ಮೇಲೆ.

ಅಮ್ಮ ಈಗ ಆರಾಮಾಗಿದ್ದಾರೆ. ನಾನು ಕಾರ್ಡ್ ಫೋಟೋ ಇನ್ನೂ ಡಿಲೀಟ್ ಮಾಡಿಲ್ಲ. ಕೊನೇ ಸ್ಲೈಡ್‌ನಲ್ಲಿದೆ. ನಿಮಗೆ ಎರಡನೇ ಗೆರೆ ಕಾಣುತ್ತಾ? ಕಾಮೆಂಟಲ್ಲಿ ಹೇಳಿ.