ಕಾಯಿ ಕೆಡವಿದವನ ವಾಸನೆ

14 ಫೆಬ್ರವರಿ 2025, ಶುಕ್ರವಾರ. ತಿ. ನರಸೀಪುರ

ಕುಂಭಮೇಳ ಮುಗಿದು ಎರಡು ದಿನ. ಸಂಗಮದ ದಂಡೆಯಲ್ಲಿ ಇನ್ನೂ ಬಾಡಿದ ಹೂವು, ಒದ್ದೆ ಬಟ್ಟೆ, ಒಂಟಿ ಚಪ್ಪಲಿಗಳು. ಬುಧವಾರ ತಂಗಿ ಮನೆಯವರೆಲ್ಲ ಸ್ನಾನಕ್ಕೆ ಹೋಗಿದ್ದಾಗ ಯಾರೋ ಹಿತ್ತಿಲ ಬಾಗಿಲು ಮೀಟಿ ಬೆಳ್ಳಿ ದೀಪಗಳನ್ನೂ ಬೀರುವಿನ ದುಡ್ಡನ್ನೂ ಒಯ್ದಿದ್ದಾರೆ. ನಿನ್ನೆ ಪೊಲೀಸ್ ನಾಯಿ ಬಂದಿತ್ತಂತೆ. ಉಗ್ರಾಣದ ನೆಲ ಮೂಸಿ, ತೋಟ ದಾಟಿ, ಕಾಯಿ ಕೆಡವುವ ಹುಡುಗನ ಮನೆ ಮುಂದೆ ಹೋಗಿ ಕೂತಿತಂತೆ. ‘ಇದು ಬರೀ ಸುಳಿವು’ ಎಂದು ನಾಯಿ ಹಿಡಿದಿದ್ದವರು ಹೇಳಿದರಂತೆ. ಆ ಮಾತು ಯಾರ ಕಿವಿಗೂ ಬಿದ್ದಿಲ್ಲ. ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಮೂವರು ‘ಸಿಕ್ಕನಂತಲ್ಲ’ ಅಂದರು.

ಸಂಜೆ ಹುಡುಗನ ಮನೆಗೆ ಹೋದೆ. ವಿಚಾರಣೆ ಮುಗಿಸಿ ಕಳಿಸಿದ್ದರು. ‘ಸಾ, ಮಂಗಳವಾರ ಕಾಯಿ ಕೆಡವಿ ಉಗ್ರಾಣಕ್ಕೆ ಹೊತ್ ಹಾಕ್ದೋನು ನಾನು. ನನ್ ವಾಸ್ನೆ ಅಲ್ದೆ ಇನ್ಯಾರ್ದ್ ಇರ್ತದೆ ಅಲ್ಲಿ?’

16 ಫೆಬ್ರವರಿ, ಭಾನುವಾರ. ನಂಜನಗೂಡು

ನಾಯಿ ಬದಲು ಯಂತ್ರ ಇದ್ದಿದ್ದರೆ ಎಂದು ನಿನ್ನೆಯಿಂದ ಕೊರೆಯುತ್ತಿದೆ. ಅಮೆರಿಕದ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಕೆನೆತ್ ಫರ್ಟನ್ ತಂಡ 2023ರಲ್ಲಿ ಪ್ರಕಟಿಸಿದ್ದನ್ನು ಮತ್ತೆ ತೆಗೆದು ಓದಿದೆ. 60 ಜನರ ಅಂಗೈ ವಾಸನೆಯನ್ನು ಹಿಡಿದು, ಗ್ಯಾಸ್ ಕ್ರೊಮ್ಯಾಟೊಗ್ರಫಿಯಲ್ಲಿ ಬಿಡಿಸಿ, ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ಗುರುತಿಸಿ, ವಾಸನೆ ಗಂಡಸಿನದೋ ಹೆಂಗಸಿನದೋ ಎಂದು ಶೇ. 96.67ರಷ್ಟು ಸರಿಯಾಗಿ ಹೇಳಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಗಂಡೋ ಹೆಣ್ಣೋ ಅಂದರಷ್ಟೇ ಹೊರತು ಇಂಥವನೇ ಅನ್ನಲಿಲ್ಲ. ಅದೂ 60 ಜನರಲ್ಲಿ. ಬುಧವಾರ ಸಂಗಮದಲ್ಲಿ ಮುಳುಗೆದ್ದವರು ಎಷ್ಟು ಸಾವಿರವೋ!

ವಾಸನೆಯಲ್ಲಿ ಮೂರು ಪದರ ಇವೆ ಎನ್ನುತ್ತಾರೆ ಈ ವಿಜ್ಞಾನಿಗಳು. ಹುಟ್ಟಿನಿಂದ ಬಂದು ಬದಲಾಗದೆ ಉಳಿಯುವುದು ಒಂದು; ಊಟ, ಪರಿಸರದಿಂದ ಬರುವುದು ಇನ್ನೊಂದು; ಸೋಪು, ಎಣ್ಣೆಯಂತೆ ಮೇಲೆ ಹಚ್ಚಿಕೊಂಡದ್ದು ಮೂರನೆಯದು. ಮೈಸೂರು ಸ್ಯಾಂಡಲ್ ಹಚ್ಚಿಕೊಂಡ ನಮ್ಮ ಕಡೆಯ ಅರ್ಧ ಊರು ಆ ಮೂರನೆಯ ಪದರದಲ್ಲಿ ನೆಂಟರೇ.

ಹಿಂದಿನ ಪೂರ್ವ ಜರ್ಮನಿಯ ಗುಪ್ತ ಪೊಲೀಸರು ಅನುಮಾನ ಬಂದವರ ವಾಸನೆಯನ್ನು ಬಟ್ಟೆ ತುಂಡಿಗೆ ಹಿಡಿದು, ಉಪ್ಪಿನಕಾಯಿ ಹಾಕಿಟ್ಟ ಹಾಗೆ ಗಾಜಿನ ಜಾಡಿಗಳಲ್ಲಿ ಮುಚ್ಚಿಡುತ್ತಿದ್ದರು. ಅವನ್ನು ಮೂಸುವುದಕ್ಕೂ ನಾಯಿಯೇ ಬೇಕಿತ್ತು.

19 ಫೆಬ್ರವರಿ, ಬುಧವಾರ

ಇವತ್ತು ಪ್ರಯೋಗಾಲಯದಲ್ಲಿ ಎಸ್ಟರ್ ಪಾಠ. ಅಸಿಟಿಕ್ ಆಮ್ಲ, ಐಸೊಅಮೈಲ್ ಆಲ್ಕೊಹಾಲ್, ನಾಲ್ಕು ಹನಿ ಗಂಧಕಾಮ್ಲ. ಬಿಸಿ ಮಾಡಿದರೆ ಕೋಣೆ ತುಂಬ ಬಾಳೆಹಣ್ಣು. ‘ಸರ್, ರಸಬಾಳೆ!’ ಎಂದು ಕೂಗಿದಳು ಒಬ್ಬಳು. ಹಿಂದಿನ ಬೆಂಚಿನ ಹುಡುಗ, ಅವರದು ಬಾಳೆ ತೋಟ, ಮೂಗೆಳೆದು ‘ಇದು ಬರೀ ಬಾಳೆ, ರಸಬಾಳೆ ಅಲ್ಲ’ ಅಂದ.

ನಾನು ಮೂರು ದಿನದಿಂದ ಹುಡುಕುತ್ತಿದ್ದ ಮಾತು ಅದೇ. ಒಂದು ವಸ್ತುವಿನಿಂದ ಬಾಳೆ ಎಂದು ಹೇಳಬಹುದು, ನಂಜನಗೂಡಿನದು ಎನ್ನಲು ಹತ್ತಾರು ವಸ್ತುಗಳು ಅದದೇ ಅಳತೆಯಲ್ಲಿ ಕೂಡಬೇಕು. ಮನುಷ್ಯರದೂ ಹಾಗೇ. ನೊನನಾಲ್, ಡೆಕನಾಲ್ ಎಲ್ಲರ ಚರ್ಮದಲ್ಲೂ ಇರುತ್ತವೆ; ಯಾವುದು ಎಷ್ಟು ಎನ್ನುವುದರಲ್ಲೇ ಗುರುತು. ಆ ಉಗ್ರಾಣದಲ್ಲಿ ತಂಗಿಯ, ಭಾವನ, ಮಕ್ಕಳ, ಕಾಯಿ ಹುಡುಗನ, ಕಳ್ಳನ ಅಳತೆಗಳೆಲ್ಲ ಒಂದೇ ನೆಲದ ಮೇಲೆ ಕಲಸಿಕೊಂಡಿವೆ.

23 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಕಪಿಲೆಯ ಸೋಪಾನಕಟ್ಟೆಯಲ್ಲಿ ವಕೀಲ ಗೆಳೆಯ ಸಿಕ್ಕಿದ. ಕೇಳಿ ನಕ್ಕ. ‘ನಾಯೀನ ಪಾಟೀಸವಾಲಿಗೆ ನಿಲ್ಸೋಕಾಗ್ತದೇನಯ್ಯ?’ ಅಬ್ದುಲ್ ರಜಾಕ್ ಮುರ್ತಾಜಾ ದಫೇದಾರ್ ಪ್ರಕರಣದಿಂದ 2008ರ ದಿನೇಶ್ ಬೋರ್ಠಾಕುರ್ ಪ್ರಕರಣದವರೆಗೆ ಸುಪ್ರೀಂ ಕೋರ್ಟು ನಾಯಿಯ ಜಾಡಿಗೆ ಹೆಚ್ಚು ತೂಕ ಕೊಟ್ಟಿಲ್ಲವಂತೆ. ಯಂತ್ರವಾದರೆ ತಜ್ಞ ಬಂದು ಕಟಕಟೆಯಲ್ಲಿ ನಿಲ್ಲುತ್ತಾನೆ. ಹಿಂದೆ ಸಾಕ್ಷ್ಯ ಕಾಯ್ದೆಯ 45ನೇ ಕಲಂ, ಈಗ ಹೊಸ ಅಧಿನಿಯಮದ 39. ‘ನಿಂತ ಮೇಲೆ ನಾನು ಕೇಳೋದು ಒಂದೇ. ಈ ವಾಸನೆ ಮಂಗಳವಾರದ್ದೋ ಬುಧವಾರದ್ದೋ?’

ನಾನು ಗ್ರಾಫಿನ ಏರಿಳಿತಗಳನ್ನೆಲ್ಲ ನೆನೆಸಿಕೊಂಡೆ. ಅದರಲ್ಲಿ ವಾರದ ಹೆಸರು ಬರೆದಿರುವುದಿಲ್ಲ.

28 ಮಾರ್ಚ್, ಶುಕ್ರವಾರ. ತಿ. ನರಸೀಪುರ

ಯುಗಾದಿಗೆ ಎರಡು ದಿನ. ಕಳ್ಳ ಸಿಕ್ಕಿಲ್ಲ. ಬಲಿತ ಕಾಯಿ ತಾವಾಗಿಯೇ ಉದುರುತ್ತಿವೆ, ಹತ್ತುವವರಿಲ್ಲ. ‘ಅಣ್ಣ, ನೀನೇ ಹೋಗಿ ಒಂದ್ ಮಾತು ಹೇಳು ಅವನಿಗೆ. ನನಗೆ ಮುಖ ಇಲ್ಲ’ ಅಂದಳು ತಂಗಿ.

ಹೋಗಿ ಹೇಳಿದೆ. ಹಗ್ಗ ಹೆಗಲಿಗೆ ಹಾಕಿಕೊಂಡು ಎದ್ದ.

‘ಬತ್ತೀನಿ ಸಾ. ಕಾಯಿ ಮಾತ್ರ ಒಳಕ್ಕೆ ತಂದ್ ಹಾಕಲ್ಲ. ಅಂಗಳದಲ್ಲೇ ಬಿಟ್ಟೋಯ್ತೀನಿ.’