ಹೊಲವೂ ಬೀಜವೂ

'ಬಂಜೆ' ಎಂಬುದು ಸಂಸ್ಕೃತದ 'ವಂಧ್ಯಾ' ಶಬ್ದದ ತದ್ಭವವೆಂದು ವರ್ಷಕ್ಕೊಮ್ಮೆಯಾದರೂ ತರಗತಿಯಲ್ಲಿ ಹೇಳುತ್ತೇನೆ. ಆಡುಮಾತಿನಲ್ಲಿ ಇದಕ್ಕೆ ಪುಲ್ಲಿಂಗ ರೂಪವೇಕಿಲ್ಲವೆಂದು ಯಾವ ಹುಡುಗನೂ ಇದುವರೆಗೆ ಕೇಳಿಲ್ಲ. ಹುಡುಗಿಯರಿಗೆ ಕೇಳುವ ಅಗತ್ಯವೇ ಇಲ್ಲ.

ಬನಹಟ್ಟಿಯ ನೇಕಾರರ ಮನೆಗೆ ಕೊಟ್ಟ ನನ್ನ ತಂಗಿಗೆ ಈಗ 41 ವರ್ಷ. ಮಗ್ಗದ ಸದ್ದಿನ ನಡುವೆಯೂ ಅವಳ ಅತ್ತೆಯ ಮಾತು ಕಿವಿಗೆ ಬೀಳುತ್ತದೆ: "ಹೊಲಾ ಹಳೇದಾತು. ಇನ್ನ ಎಷ್ಟ ರೊಕ್ಕಾ ಸುರದರೇನು?" ಮುದುಕಿ ಕೆಟ್ಟವಳಲ್ಲ. ಹೆಣ್ಣು ಹೊಲ, ಗಂಡು ಬೀಜ ಎಂಬ ಉಪಮೆ ಮನುಸ್ಮೃತಿಯಷ್ಟು ಹಳೆಯದು. ಬೆಳೆ ಬಾರದಿದ್ದರೆ ತಪ್ಪೆಲ್ಲ ನೆಲದ್ದೇ. ಸಸ್ತನಿಗಳ ಅಂಡವನ್ನು ಫಾನ್ ಬೇರ್ ಎಂಬ ವಿಜ್ಞಾನಿ ಕಣ್ಣಾರೆ ಕಂಡದ್ದು 1827ರಲ್ಲಿ. ಬೀಜದಲ್ಲಿ ಅರ್ಧಪಾಲು ಹೆಣ್ಣಿನದೆಂಬ ಸುದ್ದಿ ನಮ್ಮ ಮಾತಿಗೆ ಇನ್ನೂ ಬಂದು ಮುಟ್ಟಿಲ್ಲ.

ಬೆಳಗಾವಿಯಲ್ಲಿ ತಂಗಿಗೆ ಡಾಪ್ಲರ್ ಪರೀಕ್ಷೆ ಮಾಡಿದರು. ಆ ಕಾಗದವನ್ನು ಅವಳು ನನ್ನ ಮುಂದೆ ಹಿಡಿದಳು, ಎಂ.ಎ. ಓದಿದವನು ಏನನ್ನಾದರೂ ಓದಬಲ್ಲನೆಂಬ ನಂಬಿಕೆ ನಮ್ಮ ಬಳಗದಲ್ಲಿ ಇನ್ನೂ ಉಳಿದಿದೆ! ಗರ್ಭಾಶಯದ ರಕ್ತನಾಳದಲ್ಲಿ ಹರಿವಿಗೆ ತಡೆ ಎಷ್ಟೆಂಬುದನ್ನು ಶಬ್ದತರಂಗಗಳಿಂದ ಅಳೆದ ಸಂಖ್ಯೆ ಅದು. ತಡೆ ತುಸು ಹೆಚ್ಚೆಂದು ಬರೆದಿತ್ತು. ಅಷ್ಟಕ್ಕೇ ಅವಳು ಅತ್ತೆಯ ಮಾತನ್ನು ಅರ್ಧ ಒಪ್ಪಿಕೊಂಡಿದ್ದಳು.

ಬಲ್ಲ ವೈದ್ಯರೊಬ್ಬರನ್ನು ಕೇಳಿದೆ. ಆ ಸಂಖ್ಯೆಯೊಂದರಿಂದಲೇ ಗರ್ಭ ನಿಲ್ಲುವುದು, ನಿಲ್ಲದಿರುವುದು ತಿಳಿಯದೆಂದರು. ತಿಂಗಳಿನ ದಿನ ಬದಲಾದಂತೆ ಅದೂ ಬದಲಾಗುತ್ತದೆ. ನಮ್ಮ ಮುಧೋಳ, ಜಮಖಂಡಿಯ ಕಬ್ಬಿನ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ: ನೀರು ಬೇಕು, ಆದರೆ ನೀರು ಹರಿದ ಮಾತ್ರಕ್ಕೆ ಬೆಳೆಯಿಲ್ಲ, ಹೆಚ್ಚಾದರೆ ಹೊಲ ಸವಳಾಗುತ್ತದೆ. ವಯಸ್ಸು ಮುಖ್ಯವಾಗಿ ಕೂರುವುದು ಗರ್ಭಾಶಯದಲ್ಲಲ್ಲ, ಅಂಡದಲ್ಲಿ. ಹುಟ್ಟುವಾಗಲೇ ಹತ್ತಿಪ್ಪತ್ತು ಲಕ್ಷ ಅಂಡಗಳನ್ನು ತರುವ ಹೆಣ್ಣು ಹೊಸದೊಂದನ್ನು ಗಳಿಸುವುದಿಲ್ಲ. 35 ದಾಟಿದ ಮೇಲೆ ಅವುಗಳ ಸಂಖ್ಯೆಯೂ ಗುಣವೂ ಬೇಗಬೇಗ ಇಳಿಯುತ್ತವೆ. ಕಿರಿಯಳ ಅಂಡ ದೊರೆತರೆ ನಲವತ್ತು ದಾಟಿದವಳ ಗರ್ಭಾಶಯವೂ ಕೂಸನ್ನು ಬೆಳೆಸಬಲ್ಲುದು. ರಕ್ತದೊತ್ತಡ, ಸಕ್ಕರೆಯ ಭಯ ಆ ವಯಸ್ಸಿಗೆ ಹೆಚ್ಚು, ಅದು ನಿಜ. ಆದರೆ 'ಹೊಲ ಸತ್ತಿತು' ಎಂಬುದು ಸುಳ್ಳು. ಮಿನಿಟಿಗೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುವಲ್ಲಿ ದಿನ ತುಂಬುವ ಹೊತ್ತಿಗೆ 500ಕ್ಕೂ ಮಿಕ್ಕಿ ಹರಿಯುತ್ತದಂತೆ. ಯಾವ ಕಾಲುವೆ ಹಾಗೆ ತನ್ನನ್ನು ತಾನೇ ಅಗಲ ಮಾಡಿಕೊಂಡೀತು?

2021ರ ಕಾಯಿದೆ ಈ ಚಿಕಿತ್ಸೆಗೆ ಹೆಣ್ಣಿಗೆ 50ರವರೆಗೆ ಅವಕಾಶ ಕೊಟ್ಟಿದೆ. ಅಂಡ ಕೊಡುವವಳು 23ರಿಂದ 35ರೊಳಗಿನವಳಿರಬೇಕು. ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡಬಹುದು. ಇದನ್ನೆಲ್ಲ ಹೇಳಿದಾಗ ತಂಗಿ ಬಹಳ ಹೊತ್ತು ಸುಮ್ಮನಿದ್ದಳು.

"ಅಣ್ಣಾ, ಬೀಜ ಯಾರದರೇ ಇರಲಿ, ಕೂಸಿನ ಮೈಯಾಗ ಹರಿಯೋದು ನನ್ನ ರಕ್ತ ಹೌದಲ್ಲ?"

ಅಲ್ಲವೆಂದು ಹೇಳಬೇಕಾಯಿತು. ತಾಯಿಯ ರಕ್ತ ಮಾಸಿನವರೆಗೆ ಬಂದು, ಅನ್ನ ಉಸಿರುಗಳನ್ನು ಅಲ್ಲಿ ಒಪ್ಪಿಸಿ, ತಿರುಗಿ ಹೋಗುತ್ತದೆ. ಕೂಸಿನ ರಕ್ತ ಕೂಸಿನದೇ.

"ಬಾಗಲತನಾ ಒಯ್ದು ಕೊಡತೈತಿ ಅಂದಂಗಾತು," ಎಂದಳು. ಆಮೇಲೆ ಕಾಗದವನ್ನು ಮಡಚಿ ಚೀಲದಲ್ಲಿಟ್ಟು, ಬೆಳಗಾವಿಗೆ ಬೆಳಗಿನ ಬಸ್ಸು ಎಷ್ಟಕ್ಕೆಂದು ಕೇಳಿದಳು.